ಗ್ಯಾರಿ ಗೈಗ್ಯಾಕ್ಸ್

ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್ (ಜುಲೈ 27, 1938 – ಮಾರ್ಚ್ 4, 2008) ಅಮೆರಿಕದ ಆಟ ವಿನ್ಯಾಸಕರು ಹಾಗೂ ಲೇಖಕರು. ಡೇವ್ ಆರ್ನೆಸನ್ ಅವರೊಡನೆ ಸೇರಿ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟದಿಂದ ಇವರು ಪ್ರಸಿದ್ಧರಾದರು. ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳ (ರೋಲ್ ಪ್ಲೇಯಿಂಗ್ ಗೇಮ್) ಪರಂಪರೆ ಈ ಆಟದಿಂದಲೇ ಆರಂಭವಾಯಿತೆಂದು ಪರಿಗಣಿಸಲಾಗುತ್ತದೆ. ಆಟಗಾರನು ಯಾವ ಬಗೆಯ ಪಾತ್ರವನ್ನು ರಚಿಸಿಕೊಳ್ಳಬಹುದು, ಯಾವುದನ್ನು ರಚಿಸಿಕೊಳ್ಳಬಾರದು ಎಂಬುದನ್ನು ನಿರ್ಧರಿಸುವ ನಿಯಮಗಳನ್ನು ರೂಪಿಸಿ, ಬೇರೆ ಬೇರೆ ಊರುಗಳ ಆಟಗಾರರು ಒಂದೇ ಕಟ್ಟಳೆಯಡಿ ಆಡುವಂತೆ ಮಾಡಲು ಗೈಗ್ಯಾಕ್ಸ್ ಶ್ರಮಿಸಿದರು. ಇಂದಿನ ಸಂಘಟಿತ ಆಟದ ವ್ಯವಸ್ಥೆಗೆ ಈ ಪ್ರಯತ್ನವೇ ಅಡಿಪಾಯವಾಯಿತು.

ಆರಂಭಿಕ ಜೀವನ

ಗೈಗ್ಯಾಕ್ಸ್ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿ ಜನಿಸಿದರು. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು. ಶಿಕಾಗೊದ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು. 1946ರಲ್ಲಿ ಕುಟುಂಬವು ತಾಯಿಯ ತವರಾದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿತು. ಗೈಗ್ಯಾಕ್ಸ್ ತಮ್ಮ ಜೀವನದ ಬಹುಭಾಗವನ್ನು ಇದೇ ಪಟ್ಟಣದಲ್ಲಿ ಕಳೆದರು.

ಬಾಲ್ಯದಲ್ಲಿಯೇ ಚದುರಂಗವನ್ನು ಕಲಿತ ಇವರಿಗೆ ಅದ್ಭುತ ಕಥೆಗಳನ್ನು ಓದುವುದರಲ್ಲಿ ಅಪಾರ ಆಸಕ್ತಿಯಿತ್ತು. ರಾಬರ್ಟ್ ಇ. ಹೋವರ್ಡ್, ಜ್ಯಾಕ್ ವ್ಯಾನ್ಸ್, ಫ್ರಿಟ್ಜ್ ಲೈಬರ್ ಮೊದಲಾದವರ ಕೃತಿಗಳು ಮುಂದೆ ಇವರ ಆಟದ ಮೇಲೆ ಗಾಢ ಪ್ರಭಾವ ಬೀರಿದವು. ಪ್ರೌಢಶಾಲೆಯ ಶಿಕ್ಷಣವನ್ನು ಪೂರ್ಣಗೊಳಿಸದೆ ಬಿಟ್ಟ ಗೈಗ್ಯಾಕ್ಸ್ ಕೆಲಕಾಲ ಅಮೆರಿಕದ ನೌಕಾ ಪದಾತಿದಳವನ್ನು ಸೇರಿದರಾದರೂ ಅನಾರೋಗ್ಯದ ಕಾರಣ ಬಿಡುಗಡೆ ಹೊಂದಿದರು. 1958ರಲ್ಲಿ ಮೇರಿ ಜೊ ಪೊವೆಲ್ ಅವರನ್ನು ವಿವಾಹವಾದರು; ಈ ದಂಪತಿಗೆ ಐವರು ಮಕ್ಕಳು. ಸಂಸಾರ ನಿರ್ವಹಣೆಗಾಗಿ ಶಿಕಾಗೊದ ವಿಮಾ ಸಂಸ್ಥೆಯೊಂದರಲ್ಲಿ ಉದ್ಯೋಗ ಮಾಡುತ್ತಿದ್ದರು. 1970ರಲ್ಲಿ ಆ ಉದ್ಯೋಗ ಕೈತಪ್ಪಿದ ಬಳಿಕ ಮನೆಯಲ್ಲಿಯೇ ಪಾದರಕ್ಷೆ ದುರಸ್ತಿಯ ಕಸುಬನ್ನು ಕೈಗೊಂಡರು. ಇದರಿಂದ ಆದಾಯ ಕಡಿಮೆಯಾದರೂ ಆಟಗಳ ವಿನ್ಯಾಸಕ್ಕೆ ಹೆಚ್ಚಿನ ಸಮಯ ದೊರೆಯಿತು.

ವಾರ್‌ಗೇಮ್‌ಗಳು ಮತ್ತು ಜೆನ್ ಕಾನ್

ಚಿಕ್ಕ ಬೊಂಬೆಗಳನ್ನೋ ಕಾಗದದ ಬಿಲ್ಲೆಗಳನ್ನೋ ಸೈನ್ಯವೆಂದು ಭಾವಿಸಿ ಆಡುವ ಯುದ್ಧದ ಆಟಗಳನ್ನು ವಾರ್‌ಗೇಮ್‌ಗಳೆಂದು ಕರೆಯುತ್ತಾರೆ. 1960ರ ದಶಕದಲ್ಲಿ ಗೈಗ್ಯಾಕ್ಸ್ ಈ ಹವ್ಯಾಸದಲ್ಲಿ ತೊಡಗಿಕೊಂಡು, ಚದುರಿಹೋಗಿದ್ದ ಆಟಗಾರರನ್ನು ಸಂಘ, ಪತ್ರವ್ಯವಹಾರ ಹಾಗೂ ಸಣ್ಣ ಪತ್ರಿಕೆಗಳ ಮೂಲಕ ಒಂದುಗೂಡಿಸಿದರು. 1968ರ ಆಗಸ್ಟ್‌ನಲ್ಲಿ ಲೇಕ್ ಜಿನೀವಾದ ಹಾರ್ಟಿಕಲ್ಚರಲ್ ಹಾಲ್ ಎಂಬ ಸಭಾಂಗಣವನ್ನು 50 ಡಾಲರ್ ಬಾಡಿಗೆಗೆ ಪಡೆದು ಆಟಗಾರರ ಸಮಾವೇಶವನ್ನು ಏರ್ಪಡಿಸಿದರು. 'ಜೆನ್ ಕಾನ್' ಎಂಬ ಹೆಸರಿನ ಈ ಸಮಾವೇಶವು ಮುಂದೆ ಉತ್ತರ ಅಮೆರಿಕದ ಅತಿ ದೊಡ್ಡ ಮೇಜಿನಾಟಗಳ ಸಮಾವೇಶಗಳಲ್ಲಿ ಒಂದಾಗಿ ಬೆಳೆಯಿತು. ಪರಸ್ಪರ ಪರಿಚಯವಿಲ್ಲದ ಆಟಗಾರರು ಒಂದೇ ಮೇಜಿಗೆ ಬಂದು ಕುಳಿತಾಗ ಯಾರ ನಿಯಮ ನಡೆಯಬೇಕು ಎಂಬ ಪ್ರಶ್ನೆ ಇಂಥ ಸಮಾವೇಶಗಳಲ್ಲಿ ಸಹಜವಾಗಿಯೇ ಏಳುತ್ತಿತ್ತು.

1971ರಲ್ಲಿ ಜೆಫ್ ಪೆರ‍್ರೆನ್ ಅವರೊಡನೆ ಮಧ್ಯಯುಗದ ಯುದ್ಧಗಳನ್ನು ಕುರಿತ 'ಚೈನ್‌ಮೇಲ್' ಎಂಬ ನಿಯಮಪುಸ್ತಕವನ್ನು ಪ್ರಕಟಿಸಿದರು. ಅದರ ಕೊನೆಯಲ್ಲಿ ಮಾಂತ್ರಿಕರು, ಡ್ರಾಗನ್‌ಗಳು ಮುಂತಾದ ಕಾಲ್ಪನಿಕ ಜೀವಿಗಳಿಗೆ ಸಂಬಂಧಿಸಿದ ಭಾಗವೊಂದನ್ನು ಸೇರಿಸಲಾಗಿತ್ತು.

ಡಂಜನ್ಸ್ ಅಂಡ್ ಡ್ರಾಗನ್ಸ್

ಮಿನ್ನೆಸೋಟಾ ರಾಜ್ಯದ ಡೇವ್ ಆರ್ನೆಸನ್ ಅವರು 'ಬ್ಲ್ಯಾಕ್‌ಮೂರ್' ಎಂಬ ತಮ್ಮ ಆಟದಲ್ಲಿ ಒಬ್ಬ ಆಟಗಾರನಿಗೆ ಇಡೀ ಸೈನ್ಯದ ಬದಲು ಒಂದೇ ಪಾತ್ರವನ್ನು ವಹಿಸಿಕೊಟ್ಟಿದ್ದರು. ಆ ಪಾತ್ರವು ಒಂದು ಆಟದಿಂದ ಮುಂದಿನ ಆಟಕ್ಕೆ ಅನುಭವವನ್ನು ಗಳಿಸುತ್ತ ಬೆಳೆಯುತ್ತಿತ್ತು. 1972ರಲ್ಲಿ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ಈ ಆಟವನ್ನು ಆಡಿ ತೋರಿಸಿದಾಗ ಗೈಗ್ಯಾಕ್ಸ್ ಅದರ ಸಾಧ್ಯತೆಗಳನ್ನು ಕೂಡಲೇ ಗ್ರಹಿಸಿದರು. ಆರ್ನೆಸನ್ ಅವರ ಟಿಪ್ಪಣಿಗಳನ್ನು ಆಧರಿಸಿ ನಿಯಮಗಳನ್ನು ಬರೆದು ವಿಸ್ತರಿಸಿದರು. ಅವನ್ನು ತಮ್ಮ ಮಕ್ಕಳು ಹಾಗೂ ಗೆಳೆಯರೊಡನೆ ಆಡಿ ಪರೀಕ್ಷಿಸಿದರು. ಇದಕ್ಕಾಗಿ ಇವರು ಕಲ್ಪಿಸಿದ ಲೋಕವೇ 'ಗ್ರೇಹಾಕ್'.

ಪ್ರಕಾಶಕರು ಮುಂದೆ ಬಾರದ ಕಾರಣ, 1973ರಲ್ಲಿ ಬಾಲ್ಯಸ್ನೇಹಿತ ಡಾನ್ ಕೇ ಅವರೊಡನೆ 'ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್' (ಟಿಎಸ್‌ಆರ್) ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬ್ರಯಾನ್ ಬ್ಲೂಮ್ ಬಂಡವಾಳ ಹೂಡಿ ಪಾಲುದಾರರಾದರು. 1974ರ ಜನವರಿಯಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಆಟವು ಹೊರಬಂದಿತು. ಕೈಯಿಂದ ಜೋಡಿಸಿದ ಮೊದಲ 1,000 ಪ್ರತಿಗಳು ಒಂದು ವರ್ಷದೊಳಗೆ ಮಾರಾಟವಾದವು.

ಈ ಆಟದಲ್ಲಿ 'ಡಂಜನ್ ಮಾಸ್ಟರ್' ಎಂಬ ನಿರ್ವಾಹಕನು ಸನ್ನಿವೇಶವನ್ನು ವಿವರಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರಗಳು ಏನು ಮಾಡುತ್ತವೆಂದು ಹೇಳುತ್ತಾರೆ. ಫಲಿತಾಂಶ ಅನಿಶ್ಚಿತವಾಗಿರುವಲ್ಲಿ ದಾಳ ಉರುಳಿಸಿ ನಿರ್ಧರಿಸಲಾಗುತ್ತದೆ.

ಪಾತ್ರರಚನೆಯ ನಿಯಮಗಳು

1974ರ ಆವೃತ್ತಿಯಲ್ಲಿ ಆಟಗಾರನ ಆಯ್ಕೆಗಳು ಮಿತವಾಗಿದ್ದವು. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕುತನ, ವರ್ಚಸ್ಸು ಎಂಬ ಆರು ಗುಣಗಳ ಪ್ರಮಾಣವನ್ನು ತಲಾ ಮೂರು ದಾಳಗಳನ್ನು ಉರುಳಿಸಿ ನಿರ್ಣಯಿಸಲಾಗುತ್ತಿತ್ತು. ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರು ವೃತ್ತಿವರ್ಗಗಳೂ ಮಾನವ, ಎಲ್ಫ್, ಡ್ವಾರ್ಫ್, ಹಾಬಿಟ್ ಎಂಬ ನಾಲ್ಕು ಕುಲಗಳೂ ಇದ್ದವು. ಟೋಲ್ಕೀನ್ ಕೃತಿಗಳ ಹಕ್ಕುದಾರರ ಆಕ್ಷೇಪಣೆಯ ನಂತರ ಹಾಬಿಟ್ ಎಂಬ ಹೆಸರನ್ನು 'ಹಾಫ್ಲಿಂಗ್' ಎಂದು ಬದಲಿಸಲಾಯಿತು.

ಮಾನವ ಪಾತ್ರವು ಎಷ್ಟು ಹಂತಗಳವರೆಗಾದರೂ ಏರಬಹುದಾಗಿತ್ತು. ಆದರೆ ಡ್ವಾರ್ಫ್ ಯೋಧನು 6ನೆಯ ಹಂತದಲ್ಲಿಯೂ ಹಾಬಿಟ್ ಯೋಧನು 4ನೆಯ ಹಂತದಲ್ಲಿಯೂ ನಿಲ್ಲಬೇಕಾಗಿತ್ತು. ತಮ್ಮ ಕಲ್ಪನಾಲೋಕದಲ್ಲಿ ಮಾನವರೇ ಪ್ರಧಾನರಾಗಿರಬೇಕೆಂಬುದು ಗೈಗ್ಯಾಕ್ಸ್ ಅವರ ನಿಲುವಾಗಿತ್ತು. ರಾಕ್ಷಸ ಸ್ವರೂಪದ ಜೀವಿಗಳನ್ನು ಆಟಗಾರರ ಪಾತ್ರಗಳಾಗಿಸುವುದನ್ನೂ ಅವರು ಮುಂದೆ ತಮ್ಮ ಬರಹದಲ್ಲಿ ವಿರೋಧಿಸಿದರು. ಅಂಥ ಪಾತ್ರಗಳನ್ನು ಬಯಸುವವರಲ್ಲಿ ಹೆಚ್ಚಿನವರು ಅಧಿಕ ಶಕ್ತಿಯನ್ನಷ್ಟೇ ಅರಸುತ್ತಾರೆ ಎಂಬುದು ಅವರ ವಾದವಾಗಿತ್ತು.

ಆಯ್ಕೆಗಳು ಬೇಗನೆ ಹೆಚ್ಚಿದವು. 1975ರ 'ಗ್ರೇಹಾಕ್' ಪುರವಣಿಯು ಕಳ್ಳ ಹಾಗೂ ಪಾಲಡಿನ್ (ಧರ್ಮಯೋಧ) ವರ್ಗಗಳನ್ನೂ, ಅದೇ ವರ್ಷದ 'ಬ್ಲ್ಯಾಕ್‌ಮೂರ್' ಪುರವಣಿಯು ಸನ್ಯಾಸಿ ಹಾಗೂ ಹಂತಕ ವರ್ಗಗಳನ್ನೂ, 1976ರ 'ಎಲ್ಡ್ರಿಚ್ ವಿಝಾರ್ಡ್ರಿ' ಪುರವಣಿಯು ಡ್ರುಯಿಡ್ ವರ್ಗವನ್ನೂ ಸೇರಿಸಿದವು. ಮೂಲ ಪುಸ್ತಕಗಳಲ್ಲಿ ನಿಯಮಗಳು ಮಾರ್ಗದರ್ಶನ ಮಾತ್ರ, ಉಳಿದುದನ್ನು ಆಡುವವರೇ ಕಲ್ಪಿಸಿಕೊಳ್ಳಬೇಕು ಎಂಬ ಧೋರಣೆಯಿತ್ತು. ಇದರ ಫಲವಾಗಿ ಪ್ರತಿಯೊಂದು ಗುಂಪೂ ತನ್ನದೇ ವರ್ಗಗಳನ್ನೂ ಮಂತ್ರಗಳನ್ನೂ ರೂಪಿಸಿಕೊಂಡಿತು. ಒಂದು ಮೇಜಿನಲ್ಲಿ ನ್ಯಾಯಸಮ್ಮತವಾಗಿ ಬೆಳೆದ ಪಾತ್ರವು ಮತ್ತೊಂದು ಮೇಜಿನಲ್ಲಿ ಮಿತಿಮೀರಿದ ಬಲವುಳ್ಳದ್ದಾಗಿಯೋ ನಿಷ್ಪ್ರಯೋಜಕವಾಗಿಯೋ ಕಾಣುತ್ತಿತ್ತು.

ಸ್ಪರ್ಧೆಗಳು ಮತ್ತು ಏಕರೂಪ ನಿಯಮಗಳು

ಈ ಸಮಸ್ಯೆಯು ಸ್ಪರ್ಧೆಗಳಲ್ಲಿ ತೀವ್ರವಾಗಿ ತೋರಿಬಂದಿತು. 1975ರ 'ಒರಿಜಿನ್ಸ್' ಸಮಾವೇಶದ ಸ್ಪರ್ಧೆಗಾಗಿ ಗೈಗ್ಯಾಕ್ಸ್ 'ಟೂಂ ಆಫ್ ಹಾರರ್ಸ್' ಎಂಬ ಸಾಹಸವನ್ನು ರಚಿಸಿದರು. ಒಂದೇ ಸಾಹಸವನ್ನು ಹಲವು ತಂಡಗಳು ಆಡಿದಾಗ ಅವುಗಳ ಸಾಧನೆಯನ್ನು ಹೋಲಿಸಬೇಕಾದರೆ ಎಲ್ಲ ತಂಡಗಳ ಪಾತ್ರಗಳೂ ಸಮಾನವಾಗಿರಬೇಕು. ಆದ್ದರಿಂದ ಸ್ಪರ್ಧೆಗಳಲ್ಲಿ ಆಟಗಾರರಿಗೆ ಮೊದಲೇ ಸಿದ್ಧಪಡಿಸಿದ ಪಾತ್ರಗಳನ್ನು ನೀಡುವ ಪದ್ಧತಿ ರೂಢಿಗೆ ಬಂದಿತು. ಇದರಿಂದ ಸಮಾನತೆ ದೊರೆತರೂ ಆಟಗಾರನು ತಾನೇ ಬೆಳೆಸಿದ ಪಾತ್ರವನ್ನು ಮನೆಯಲ್ಲಿಯೇ ಬಿಟ್ಟು ಬರಬೇಕಾಗುತ್ತಿತ್ತು.

ಶಾಶ್ವತ ಪರಿಹಾರವಾಗಿ ಗೈಗ್ಯಾಕ್ಸ್ 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ವಿಸ್ತೃತ ನಿಯಮಸಂಹಿತೆಯನ್ನು ರಚಿಸಿದರು. ಇದು 'ಮಾನ್‌ಸ್ಟರ್ ಮ್ಯಾನುಯಲ್' (1977), 'ಪ್ಲೇಯರ್ಸ್ ಹ್ಯಾಂಡ್‌ಬುಕ್' (1978) ಮತ್ತು 'ಡಂಜನ್ ಮಾಸ್ಟರ್ಸ್ ಗೈಡ್' (1979) ಎಂಬ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಯಾವ ಕುಲದವರು ಯಾವ ವರ್ಗವನ್ನು ಸೇರಬಹುದು, ಎಷ್ಟು ಹಂತ ಏರಬಹುದು, ಅದಕ್ಕೆ ಯಾವ ಗುಣ ಎಷ್ಟಿರಬೇಕು ಎಂಬುದನ್ನು ಕೋಷ್ಟಕಗಳಲ್ಲಿ ನಿಗದಿಪಡಿಸಲಾಯಿತು. ಉದಾಹರಣೆಗೆ, ಪಾಲಡಿನ್ ಆಗಬಯಸುವ ಪಾತ್ರವು ಮಾನವನೇ ಆಗಿರಬೇಕು, ಅದರ ವರ್ಚಸ್ಸು ಕನಿಷ್ಠ 17 ಇರಬೇಕು ಹಾಗೂ ಅದು ಧರ್ಮನಿಷ್ಠ ನಡತೆಯನ್ನು ಎಂದಿಗೂ ಬಿಡಬಾರದು. ಗುಣಗಳ ನಿರ್ಣಯಕ್ಕೆ ನಾಲ್ಕು ವಿಧಾನಗಳನ್ನು ನೀಡಲಾಗಿತ್ತು. ಅವುಗಳಲ್ಲಿ ಮೊದಲನೆಯದು ನಾಲ್ಕು ದಾಳಗಳನ್ನು ಉರುಳಿಸಿ ಅತಿ ಕಡಿಮೆ ಬಿದ್ದುದನ್ನು ಕೈಬಿಡುವುದು.

ಪಾತ್ರಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಂಪುಗಳ ನಡುವೆ ಒಂದು ಮಟ್ಟಿನ ಏಕರೂಪತೆ ಅಗತ್ಯವೆಂದು ಗೈಗ್ಯಾಕ್ಸ್ ಪ್ರತಿಪಾದಿಸಿದರು. ಅದೇ ಸಂಪುಟದಲ್ಲಿ ಪ್ರತಿ ಮೇಜಿನ ಅಂತಿಮ ತೀರ್ಪು ನಿರ್ವಾಹಕನದೇ ಎಂಬುದನ್ನೂ ಎತ್ತಿಹಿಡಿದರು. ಈ ಎರಡು ತತ್ತ್ವಗಳ ನಡುವಿನ ಎಳೆದಾಟವು ಅವರ ಬರಹಗಳಲ್ಲಿ ಕೊನೆಯವರೆಗೂ ಉಳಿಯಿತು. ಮಹಿಳಾ ಪಾತ್ರಗಳ ಬಲಕ್ಕೆ ಪುರುಷ ಪಾತ್ರಗಳಿಗಿಂತ ಕಡಿಮೆ ಗರಿಷ್ಠ ಮಿತಿಯನ್ನು ವಿಧಿಸಿದ ನಿಯಮವು ಟೀಕೆಗೆ ಗುರಿಯಾಯಿತು. 1989ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು.

ಹೊಸ ಸಂಹಿತೆಗೆ ಕಾನೂನಿನ ಆಯಾಮವೂ ಇತ್ತು. ಇದು ಮೂಲ ಆಟಕ್ಕಿಂತ ಬೇರೆಯಾದ ಕೃತಿಯೆಂದು ಹೇಳಿ ಸಂಸ್ಥೆಯು ಆರ್ನೆಸನ್ ಅವರಿಗೆ ಗೌರವಧನ ನೀಡಲು ಒಪ್ಪಲಿಲ್ಲ. 1979ರಲ್ಲಿ ಆರ್ನೆಸನ್ ನ್ಯಾಯಾಲಯದ ಮೊರೆಹೋದರು. ವ್ಯಾಜ್ಯವು 1981ರಲ್ಲಿ ರಾಜಿಯಲ್ಲಿ ಮುಗಿಯಿತು.

ಸಂಘಟಿತ ಆಟ

1980ರಲ್ಲಿ ಟಿಎಸ್‌ಆರ್ ಆಶ್ರಯದಲ್ಲಿ 'ರೋಲ್ ಪ್ಲೇಯಿಂಗ್ ಗೇಮ್ ಅಸೋಸಿಯೇಷನ್' (ಆರ್‌ಪಿಜಿಎ) ಎಂಬ ಸಂಘವು ಸ್ಥಾಪನೆಯಾಯಿತು. ಇದರ ರಚನೆಯಲ್ಲಿ ಫ್ರಾಂಕ್ ಮೆಂಟ್ಜರ್ ಪ್ರಮುಖ ಪಾತ್ರ ವಹಿಸಿದರು. 1981ರಿಂದ ಸಂಘದ ಪತ್ರಿಕೆ 'ಪಾಲಿಹೆಡ್ರನ್' ಪ್ರಕಟವಾಗತೊಡಗಿತು. ಅಧಿಕೃತ ಸ್ಪರ್ಧೆಗಳನ್ನು ಮಾನ್ಯ ಮಾಡುವುದು, ಆಟಗಾರರಿಗೂ ನಿರ್ವಾಹಕರಿಗೂ ಶ್ರೇಣಿ ನೀಡುವುದು ಸಂಘದ ಕಾರ್ಯಗಳಾಗಿದ್ದವು.

1985ರಲ್ಲಿ ಗೈಗ್ಯಾಕ್ಸ್ 'ಅನ್‌ಅರ್ತ್ಡ್ ಆರ್ಕೇನಾ' ಎಂಬ ಸಂಪುಟವನ್ನು ಹೊರತಂದರು. 'ಡ್ರಾಗನ್' ಪತ್ರಿಕೆಯಲ್ಲಿ ಪ್ರಕಟವಾಗಿದ್ದ ಅವರ ಲೇಖನಗಳನ್ನೂ ಒಳಗೊಂಡಿದ್ದ ಈ ಪುಸ್ತಕವು ಕ್ಯಾವಲಿಯರ್, ಬಾರ್ಬೇರಿಯನ್ ಮೊದಲಾದ ಹೊಸ ವರ್ಗಗಳನ್ನು ಪರಿಚಯಿಸಿ, ಮಾನವೇತರ ಕುಲಗಳ ಹಂತಮಿತಿಗಳನ್ನು ಹೆಚ್ಚಿಸಿತು. ಪುಸ್ತಕವು ಚೆನ್ನಾಗಿ ಮಾರಾಟವಾಗಿ ಸಾಲದಲ್ಲಿದ್ದ ಸಂಸ್ಥೆಗೆ ನೆರವಾಯಿತು. ಆದರೆ ಹೊಸ ವರ್ಗಗಳು ಹಳೆಯವುಗಳಿಗಿಂತ ಪ್ರಬಲವಾಗಿದ್ದು ಆಟದ ಸಮತೋಲನವನ್ನು ಕೆಡಿಸುತ್ತವೆ ಎಂಬ ಆಕ್ಷೇಪಣೆಗಳು ಕೇಳಿಬಂದವು. ಹೊಸ ಪುಸ್ತಕ ಹೊಸ ಆಯ್ಕೆಗಳನ್ನು ತರುತ್ತದೆ, ಹೊಸ ಆಯ್ಕೆ ಸಮಾನತೆಯನ್ನು ಕದಡುತ್ತದೆ ಎಂಬ ಈ ಸಮಸ್ಯೆಯನ್ನು ನಂತರದ ಎಲ್ಲ ಸಂಘಟಿತ ಆಟಗಳೂ ಎದುರಿಸಿವೆ.

ವಿವಾದಗಳು ಮತ್ತು ನಿರ್ಗಮನ

1980ರ ದಶಕದ ಆರಂಭದಲ್ಲಿ ಕೆಲವು ಧಾರ್ಮಿಕ ಗುಂಪುಗಳೂ ಪೋಷಕರೂ ಈ ಆಟವು ಮಾಟಮಂತ್ರವನ್ನೂ ಆತ್ಮಹತ್ಯೆಯನ್ನೂ ಪ್ರೇರೇಪಿಸುತ್ತದೆ ಎಂದು ಆರೋಪಿಸಿದರು. 1985ರಲ್ಲಿ '60 ಮಿನಿಟ್ಸ್' ಎಂಬ ಜನಪ್ರಿಯ ದೂರದರ್ಶನ ಕಾರ್ಯಕ್ರಮದಲ್ಲಿ ಗೈಗ್ಯಾಕ್ಸ್ ಈ ಆರೋಪಗಳನ್ನು ಅಲ್ಲಗಳೆದರು. ಅವರಿಗೆ ಜೀವಬೆದರಿಕೆಗಳೂ ಬಂದಿದ್ದವು.

ಇದೇ ಅವಧಿಯಲ್ಲಿ ಗೈಗ್ಯಾಕ್ಸ್ ಹಾಲಿವುಡ್‌ನಲ್ಲಿದ್ದು ಆಟವನ್ನು ಆಧರಿಸಿದ ವ್ಯಂಗ್ಯಚಿತ್ರ ಸರಣಿಯ ನಿರ್ಮಾಣದಲ್ಲಿ ತೊಡಗಿದ್ದರು. ಸಂಸ್ಥೆಯ ಹಣಕಾಸಿನ ಸ್ಥಿತಿ ಹದಗೆಟ್ಟಾಗ ಹಿಂತಿರುಗಿ ಆಡಳಿತವನ್ನು ಕೈಗೆತ್ತಿಕೊಂಡರು. ಆದರೆ 1985ರಲ್ಲಿ ಬ್ಲೂಮ್ ಕುಟುಂಬದವರು ತಮ್ಮ ಷೇರುಗಳನ್ನು ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದುದರಿಂದ ನಿಯಂತ್ರಣವು ಅವರ ಕೈತಪ್ಪಿತು. ನ್ಯಾಯಾಲಯದಲ್ಲಿಯೂ ಸೋತ ಗೈಗ್ಯಾಕ್ಸ್ 1986ರಲ್ಲಿ ತಾವೇ ಕಟ್ಟಿದ ಸಂಸ್ಥೆಯನ್ನು ತೊರೆದರು. ಎರಡನೆಯ ಆವೃತ್ತಿಯ ರಚನೆಯಲ್ಲಿ ಅವರ ಪಾತ್ರವಿರಲಿಲ್ಲ. ಹಂತಕ ಹಾಗೂ ಸನ್ಯಾಸಿ ವರ್ಗಗಳನ್ನು ಅದರ ಮೂಲ ನಿಯಮಪುಸ್ತಕದಿಂದ ತೆಗೆದುಹಾಕಲಾಯಿತು.

ನಂತರದ ಜೀವನ

1987ರಲ್ಲಿ ಗೈಗ್ಯಾಕ್ಸ್ ಗೇಲ್ ಕಾರ್ಪೆಂಟರ್ ಅವರನ್ನು ವಿವಾಹವಾದರು. ಈ ದಾಂಪತ್ಯದಲ್ಲಿ ಒಬ್ಬ ಮಗನಿದ್ದಾನೆ. 'ಗಾರ್ಡ್ ದಿ ರೋಗ್' ಕಾದಂಬರಿ ಮಾಲಿಕೆಯನ್ನು ಬರೆದರು. 1992ರಲ್ಲಿ 'ಡೇಂಜರಸ್ ಜರ್ನೀಸ್' ಎಂಬ ಹೊಸ ಆಟವನ್ನು ಪ್ರಕಟಿಸಿದಾಗ ಟಿಎಸ್‌ಆರ್ ಮೊಕದ್ದಮೆ ಹೂಡಿತು. ರಾಜಿಯ ಬಳಿಕ ಆ ಆಟವು ನಿಂತುಹೋಯಿತು. 1999ರಲ್ಲಿ 'ಲೆಜೆಂಡರಿ ಅಡ್ವೆಂಚರ್' ಎಂಬ ಇನ್ನೊಂದು ಆಟವನ್ನು ಹೊರತಂದರು. ಪಾತ್ರರಚನೆಯನ್ನು ಸರಳಗೊಳಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. 2004ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ನಂತರ ಅವರ ಬರಹ ಕುಂಠಿತವಾಯಿತು. 2008ರ ಮಾರ್ಚ್ 4ರಂದು ಲೇಕ್ ಜಿನೀವಾದ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 69 ವರ್ಷ ವಯಸ್ಸಾಗಿತ್ತು.

ಪರಂಪರೆ

ಆಟಗಾರರು ತಮ್ಮದೇ ಪಾತ್ರವನ್ನು ರಚಿಸಿ ಊರೂರಿನ ಮೇಜುಗಳಿಗೆ ಕೊಂಡೊಯ್ಯುವ ವ್ಯವಸ್ಥೆಯು ಗೈಗ್ಯಾಕ್ಸ್ ಸಂಸ್ಥೆಯನ್ನು ತೊರೆದ ಬಳಿಕವೇ ಕೈಗೂಡಿತು. ಆರ್‌ಪಿಜಿಎ 1987ರಲ್ಲಿ 'ಲಿವಿಂಗ್ ಸಿಟಿ' ಎಂಬ ಸರಣಿಯನ್ನು ಆರಂಭಿಸಿತು. 2000ದಿಂದ 2008ರವರೆಗೆ ನಡೆದ 'ಲಿವಿಂಗ್ ಗ್ರೇಹಾಕ್' ಸರಣಿಯು ಗೈಗ್ಯಾಕ್ಸ್ ಕಲ್ಪಿಸಿದ ಲೋಕದಲ್ಲಿಯೇ ನಡೆಯಿತು. ಅದರಲ್ಲಿ ಗ್ರೇಹಾಕ್‌ನ ರಾಜ್ಯಗಳನ್ನು ನೈಜ ಪ್ರಪಂಚದ ಪ್ರದೇಶಗಳಿಗೆ ಹಂಚಲಾಗಿತ್ತು. ದಾಳದ ಬದಲು ಎಲ್ಲರಿಗೂ ಸಮಾನ ಅಂಕಗಳನ್ನು ನೀಡಿ ಗುಣಗಳನ್ನು ಕೊಳ್ಳುವ ವಿಧಾನವನ್ನು ಬಳಸಲಾಯಿತು. ದುಷ್ಟ ಪಾತ್ರಗಳನ್ನು ನಿಷೇಧಿಸಲಾಯಿತು. ಪಾತ್ರವು ಗಳಿಸಿದ ಅನುಭವ ಹಾಗೂ ವಸ್ತುಗಳನ್ನು ಲಿಖಿತ ದಾಖಲೆಯಲ್ಲಿ ನಮೂದಿಸಲಾಗುತ್ತಿತ್ತು. 2014ರಲ್ಲಿ ಆರಂಭವಾದ 'ಅಡ್ವೆಂಚರರ್ಸ್ ಲೀಗ್' ಹಲವು ವರ್ಷಗಳ ಕಾಲ ಮೂಲ ಆಟಗಾರರ ಕೈಪಿಡಿಯ ಜೊತೆಗೆ ಇನ್ನೊಂದೇ ಪುಸ್ತಕದಿಂದ ಆಯ್ಕೆಗಳನ್ನು ಪಡೆಯಬಹುದೆಂಬ ನಿಯಮವನ್ನು ಪಾಲಿಸಿತು.

ಗೈಗ್ಯಾಕ್ಸ್ ಅವರ ಸ್ವಂತ ಪಾತ್ರವಾದ 'ಮಾರ್ಡನ್‌ಕೈನನ್' ಎಂಬ ಮಾಂತ್ರಿಕನ ಹೆಸರು ಇಂದಿಗೂ ಆಟದ ಹಲವು ಮಂತ್ರಗಳಲ್ಲಿ ಉಳಿದಿದೆ. ಅವರ ನೆನಪಿಗಾಗಿ 2009ರಿಂದ ಲೇಕ್ ಜಿನೀವಾದಲ್ಲಿ 'ಗ್ಯಾರಿ ಕಾನ್' ಎಂಬ ವಾರ್ಷಿಕ ಸಮಾವೇಶವು ನಡೆದುಕೊಂಡು ಬಂದಿದೆ.