ವಿಜ್ಞಾನತಪಸ್ವಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ

ಕೊಯ್ದಿಟ್ಟ ಬದನೆಕಾಯಿಯ ಹೋಳು ಸ್ವಲ್ಪ ಹೊತ್ತಿನಲ್ಲಿಯೇ ಕಂದುಗಟ್ಟುವುದನ್ನು ಕಾಣದವರು ಯಾರಿದ್ದಾರೆ? ಆಲೂಗಡ್ಡೆಯ ಗತಿಯೂ ಅದೇ, ಸೇಬಿನ ಗತಿಯೂ ಅದೇ. ಆದರೆ ನಿಂಬೆಯನ್ನೋ ಕಿತ್ತಳೆಯನ್ನೋ ಕೊಯ್ದಿಟ್ಟರೆ ಅದು ಹಾಗೆ ಬಣ್ಣಗೆಡುವುದಿಲ್ಲ. ನಿತ್ಯವೂ ಕಣ್ಣಿಗೆ ಬೀಳುವ ಈ ಭೇದವನ್ನು ಸಾಮಾನ್ಯರು ಕಂಡೂ ಕಾಣದಂತಿರುತ್ತಾರೆ. ಜಿಜ್ಞಾಸುವಾದವನು ಅದರ ಮುಂದೆ ನಿಂತು ಕಾರಣವನ್ನು ಕೇಳುತ್ತಾನೆ. ಹಾಗೆ ಕೇಳಿ, ಸಸ್ಯಗಳ ಒಡಲಲ್ಲಿ ಅಡಗಿರುವ ಉತ್ಕರ್ಷಣನಿರೋಧಕ ದ್ರವ್ಯಗಳನ್ನು ಲೋಕಕ್ಕೆ ತೋರಿಸಿಕೊಟ್ಟ ಮಹನೀಯರಲ್ಲಿ ಹಂಗೆರಿ ದೇಶದ ಆಲ್ಬರ್ಟ್ ಸೆಂಟ್ ಜ್ಯೋರ್ಜಿಯವರು ಅಗ್ರಗಣ್ಯರು.

ಅವರು ಜನಿಸಿದುದು ೧೮೯೩ರ ಸೆಪ್ಟೆಂಬರ್ ೧೬ರಂದು, ಬುಡಾಪೆಸ್ಟ್ ನಗರದಲ್ಲಿ. ತಾಯಿಯ ಮನೆತನ ವಿದ್ವಾಂಸರ ಮನೆತನ. ಸೋದರಮಾವ ಮಿಹಾಯ್ ಲೆನ್‌ಹೊಷೆಕ್ ಅಂಗರಚನಾಶಾಸ್ತ್ರದಲ್ಲಿ ಹೆಸರಾಂತವರು. ಬಾಲಕನಾದರೋ ಓದಿನಲ್ಲಿ ಮಂದ. ಈ ಹುಡುಗನಿಗೆ ಶಾಸ್ತ್ರವಿದ್ಯೆ ಒಲಿಯದೆಂದೇ ಮಾವ ಬಗೆದಿದ್ದರು. ಹದಿಹರೆಯದಲ್ಲಿ ಹೇಗೋ ವಿದ್ಯೆಯ ಹಸಿವು ಕೆರಳಿತು. ೧೯೧೧ರಲ್ಲಿ ವೈದ್ಯವಿದ್ಯಾರ್ಥಿಯಾದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದೊದಗಿ ಸೈನ್ಯದ ವೈದ್ಯಕೀಯ ಸೇವೆಗೆ ಹೋಗಬೇಕಾಯಿತು. ಅರ್ಥವಿಲ್ಲದ ಹತ್ಯೆಯನ್ನು ಕಂಡು ಜುಗುಪ್ಸೆಗೊಂಡ ಅವರು ೧೯೧೬ರಲ್ಲಿ ತಮ್ಮ ತೋಳಿಗೆ ತಾವೇ ಗುಂಡು ಹಾರಿಸಿಕೊಂಡು ಊರಿಗೆ ಮರಳಿದರು. ಮರುವರ್ಷ ವೈದ್ಯ ಪದವಿಯನ್ನು ಪಡೆದರು.

ಯುದ್ಧಾನಂತರ ದೇಶದಿಂದ ದೇಶಕ್ಕೆ ಅಲೆಯುತ್ತ ಹಾಲೆಂಡಿನ ಗ್ರೋನಿಂಗೆನ್ ನಗರಕ್ಕೆ ಬಂದರು. ಅಲ್ಲಿ ಅವರ ಮನಸ್ಸನ್ನು ಸೆಳೆದುದು ಅಡಿಸನ್ ರೋಗ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೆಟ್ಟಾಗ ಈ ರೋಗ ಬರುತ್ತದೆ. ರೋಗಿಯ ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಕೊಯ್ದ ಹಣ್ಣು ಕಂದುಗಟ್ಟುವುದಕ್ಕೂ ಚರ್ಮ ಕಂದುಗಟ್ಟುವುದಕ್ಕೂ ಮೂಲದಲ್ಲಿ ಸಾಮ್ಯವಿರಬಹುದೇ ಎಂಬ ಶಂಕೆ ಅವರಲ್ಲಿ ಮೂಡಿತು. ಸಸ್ಯದ ಗಾಯದಲ್ಲಿ ನಡೆಯುವುದು ಉತ್ಕರ್ಷಣಕ್ರಿಯೆ: ಗಾಳಿಯ ಆಮ್ಲಜನಕವು ಒಂದು ಕಿಣ್ವದ ನೆರವಿನಿಂದ ಸಸ್ಯದ ಫೀನಾಲ್ ದ್ರವ್ಯಗಳೊಡನೆ ಕೂಡಿ ಕಂದು ವರ್ಣವನ್ನು ಉಂಟುಮಾಡುತ್ತದೆ. ನಿಂಬೆಯಂಥ ಹಣ್ಣುಗಳ ರಸದಲ್ಲಿ ಈ ಕ್ರಿಯೆಯನ್ನು ತಡೆಹಿಡಿಯುವ ಯಾವುದೋ ದ್ರವ್ಯವಿತ್ತು. ಅದು ತಾನೇ ಮೊದಲು ಉತ್ಕರ್ಷಣಗೊಂಡು ಉಳಿದವುಗಳನ್ನು ಕಾಯುತ್ತಿತ್ತು. ಅದೇ ಗುಣದ ದ್ರವ್ಯ ಅಡ್ರಿನಲ್ ಗ್ರಂಥಿಯಲ್ಲಿಯೂ ಅವರಿಗೆ ಗೋಚರಿಸಿತು.

ಹಣ್ಣಿಗೂ ಚರ್ಮಕ್ಕೂ ಅವರು ಕಲ್ಪಿಸಿದ ಆ ಸಾಮ್ಯ ನಿಜವಲ್ಲವೆಂಬುದು ಮುಂದೆ ಸ್ಪಷ್ಟವಾಯಿತು. ಅಡಿಸನ್ ರೋಗದಲ್ಲಿ ಚರ್ಮ ಕಪ್ಪಾಗುವುದು ಪಿಟ್ಯುಟರಿ ಗ್ರಂಥಿಯ ಸ್ರಾವವು ಹೆಚ್ಚಾಗುವುದರಿಂದ. ಆದರೂ ತಪ್ಪಾದ ಆ ಊಹೆಯೇ ಅವರನ್ನು ನಿಜವಾದ ನಿಧಿಯ ಬಾಗಿಲಿಗೆ ತಂದು ನಿಲ್ಲಿಸಿತ್ತು.

ನಿಧಿ ಕೈಗೆ ಸಿಕ್ಕುವ ಮೊದಲು ಕಷ್ಟಗಳು ಬಂದವು. ಗ್ರೋನಿಂಗೆನ್‌ನಲ್ಲಿ ಆಶ್ರಯ ತಪ್ಪಿತು. ಮಡದಿಯನ್ನೂ ಮಗಳನ್ನೂ ತಾಯ್ನಾಡಿಗೆ ಕಳುಹಿಸಬೇಕಾಯಿತು. ವಿಜ್ಞಾನಕ್ಕೆ ವಿದಾಯ ಹೇಳುವ ಮನಸ್ಸಿನಿಂದ ೧೯೨೬ರಲ್ಲಿ ಸ್ಟಾಕ್‌ಹೋಮ್‌ನ ಶರೀರಕ್ರಿಯಾಶಾಸ್ತ್ರ ಸಮ್ಮೇಳನಕ್ಕೆ ಹೋದಾಗ, ಕೇಂಬ್ರಿಜ್‌ನ ಸರ್ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ತಮ್ಮ ಭಾಷಣದಲ್ಲಿ ಈ ಅಜ್ಞಾತ ತರುಣನ ಕಾರ್ಯವನ್ನು ಹೆಸರಿಸಿ ಕೊಂಡಾಡಿದರು. ಅವರ ಆಹ್ವಾನದಿಂದ ಕೇಂಬ್ರಿಜ್ ಸೇರಿ ಆ ದ್ರವ್ಯವನ್ನು ಬೇರ್ಪಡಿಸಿ ೧೯೨೭ರಲ್ಲಿ ಡಾಕ್ಟರೇಟ್ ಪಡೆದರು. ಅದು ಸಕ್ಕರೆಯ ವರ್ಗಕ್ಕೆ ಸಮೀಪವೆಂಬುದನ್ನು ಬಿಟ್ಟರೆ ಹೆಚ್ಚೇನೂ ತಿಳಿದಿರಲಿಲ್ಲ. ಆದ್ದರಿಂದ ತನಗರಿಯದ ವಸ್ತುವೆಂಬ ಅರ್ಥ ಬರುವ ಹೆಸರನ್ನಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪದಿರಲು ದೇವರೇ ಬಲ್ಲನೆಂಬ ಅರ್ಥದ ಹೆಸರನ್ನು ಸೂಚಿಸಿದರು! ಕೊನೆಗೆ ಹೆಕ್ಸುರೋನಿಕ್ ಆಮ್ಲವೆಂಬ ಗಂಭೀರ ನಾಮದಿಂದ ೧೯೨೮ರಲ್ಲಿ ಅದು ಪ್ರಕಟವಾಯಿತು.

ಮುಂದೆ ಹಂಗೆರಿಯ ಸೆಗೆಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಸ್ವಿರ್ಬೆಲಿ ಎಂಬ ತರುಣ ಸಹೋದ್ಯೋಗಿಯೊಡನೆ ಗಿನಿ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಮನುಷ್ಯನಂತೆಯೇ ಈ ಪ್ರಾಣಿಯ ದೇಹವೂ ಸಿ ಜೀವಸತ್ತ್ವವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ದಿನಕ್ಕೆ ೧ ಮಿಲಿಗ್ರಾಂ ಹೆಕ್ಸುರೋನಿಕ್ ಆಮ್ಲವನ್ನು ಪಡೆದ ಇಲಿಗಳು ಸ್ಕರ್ವಿ ರೋಗದಿಂದ ಪಾರಾದವು, ಪಡೆಯದವು ಅಳಿದವು. ನಾವಿಕರ ಚರ್ಮದಲ್ಲಿ ರಕ್ತ ಒಸರುವಂತೆ ಮಾಡಿ, ಮಾಗಿದ ಗಾಯಗಳನ್ನು ಮತ್ತೆ ಬಿರಿಯುವಂತೆ ಮಾಡುತ್ತಿದ್ದ ಆ ಮಹಾರೋಗಕ್ಕೆ ಮದ್ದು ಯಾವುದೆಂಬುದು ಹೀಗೆ ೧೯೩೨ರಲ್ಲಿ ಸಿದ್ಧವಾಯಿತು. ಅದೇ ವರ್ಷ ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ಅವರೂ ಇದನ್ನೇ ಪ್ರಕಟಿಸಿದುದರಿಂದ ಯಾರು ಮೊದಲಿಗರೆಂಬ ವಿವಾದ ಬಹುಕಾಲ ನಡೆಯಿತು.

ಶೋಧವಾದರೂ ದ್ರವ್ಯದ ದಾಸ್ತಾನು ಮುಗಿದುಹೋಗಿತ್ತು. ಒಂದು ರಾತ್ರಿ ಮಡದಿ ಊಟಕ್ಕೆ ಹಸಿಯ ಪಾಪ್ರಿಕಾ ಮೆಣಸಿನಕಾಯಿಯನ್ನು ಬಡಿಸಿದರು. ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಶಾಲೆಗೆ ಒಯ್ದರು; ನಡುರಾತ್ರಿಯ ವೇಳೆಗೆ ಅದು ಸಿ ಜೀವಸತ್ತ್ವದ ಭಂಡಾರವೆಂದು ತಿಳಿಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಇದೇ ಸಸ್ಯಜಾತಿಗೆ ಸೇರಿದುದು. ಸೆಗೆಡ್ ಪಾಪ್ರಿಕಾ ಬೆಳೆಗೆ ಪ್ರಸಿದ್ಧವಾದ ಸೀಮೆ. ಗ್ರಾಂ ಲೆಕ್ಕದಲ್ಲಿ ದೊರೆಯುತ್ತಿದ್ದ ಹರಳುಗಳು ಕೆಲವೇ ವಾರಗಳಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ದೊರೆತವು. ಅವುಗಳನ್ನು ಅವರು ಬಚ್ಚಿಡಲಿಲ್ಲ. ಲೋಕದ ನಾನಾ ಕಡೆಯ ಸಂಶೋಧಕರಿಗೆ ಹಂಚಿದರು. ಬರ್ಮಿಂಗ್‌ಹ್ಯಾಮ್‌ನ ನಾರ್ಮನ್ ಹಾವರ್ತ್ ಅದರ ರಚನೆಯನ್ನು ೧೯೩೩ರಲ್ಲಿ ನಿರ್ಣಯಿಸಿದರು. ಆಸ್ಕಾರ್ಬಿಕ್ ಆಮ್ಲವೆಂಬ ಹೆಸರು ನಿಂತಿತು. ೧೯೩೭ರಲ್ಲಿ ಸೆಂಟ್ ಜ್ಯೋರ್ಜಿಯವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಈ ನಡುವೆ ಚರ್ಮವು ಮತ್ತೊಮ್ಮೆ ಅವರಿಗೆ ಗುರುವಾಯಿತು. ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆಯುವ ವ್ಯಾಧಿಯೊಂದರಲ್ಲಿ ಪಾಪ್ರಿಕಾದ ಅಶುದ್ಧ ರಸ ಗುಣಕೊಟ್ಟಿತು. ಶುದ್ಧವಾದ ಆಸ್ಕಾರ್ಬಿಕ್ ಆಮ್ಲ ಕೊಡಲಿಲ್ಲ. ರಸದಲ್ಲಿ ಬೇರೊಂದು ದ್ರವ್ಯವೂ ಇರಬೇಕೆಂದು ತರ್ಕಿಸಿ, ರುಸ್ನ್ಯಾಕ್ ಅವರೊಡನೆ ೧೯೩೬ರಲ್ಲಿ ಫ್ಲೇವನ್ ವರ್ಗದ ದ್ರವ್ಯಗಳನ್ನು ಪಿ ಜೀವಸತ್ತ್ವವೆಂದು ಕರೆದರು. ಮುಂದಿನ ಪ್ರಯೋಗಗಳಲ್ಲಿ ಅವು ಜೀವಸತ್ತ್ವವೆಂಬುದು ಸ್ಥಿರಪಡಲಿಲ್ಲ; ೧೯೫೦ರಲ್ಲಿ ವಿದ್ವಲ್ಲೋಕ ಆ ಹೆಸರನ್ನು ಕೈಬಿಟ್ಟಿತು. ಹೆಸರು ಹೋದರೂ ವಸ್ತು ಉಳಿಯಿತು: ಫ್ಲೇವನಾಯ್ಡ್‌ಗಳೆಂದು ಇಂದು ಪ್ರಸಿದ್ಧವಾದ ಸಸ್ಯದ್ರವ್ಯಗಳು ಅವೇ.

ಎರಡನೆಯ ಮಹಾಯುದ್ಧದಲ್ಲಿ ಅವರು ನಾಜಿಗಳನ್ನು ಎದುರಿಸಿ, ಹಿಟ್ಲರನ ಕೋಪಕ್ಕೆ ಗುರಿಯಾಗಿ ತಲೆಮರೆಸಿಕೊಂಡಿದ್ದರು. ನೊಬೆಲ್ ಪದಕವನ್ನು ಯುದ್ಧಪೀಡಿತ ಫಿನ್‌ಲೆಂಡಿನ ಜನರ ನೆರವಿಗೆ ದಾನಮಾಡಿದರು. ೧೯೪೭ರಲ್ಲಿ ಅಮೆರಿಕಕ್ಕೆ ತೆರಳಿ, ವುಡ್ಸ್ ಹೋಲ್ ಎಂಬ ಕಡಲತಡಿಯ ಊರಿನಲ್ಲಿ ಸಂಶೋಧನೆಯನ್ನು ಮುಂದುವರಿಸಿ, ೧೯೮೬ರ ಅಕ್ಟೋಬರ್ ೨೨ರಂದು ಅಲ್ಲಿಯೇ ಕಾಲವಶರಾದರು.

ಅವರು ತೆಗೆದುಕೊಟ್ಟ ದ್ರವ್ಯ ಚರ್ಮವನ್ನು ಕಾಯುವುದಾದರೆ ಅದನ್ನು ಹೊರಗಿನಿಂದಲೇ ಲೇಪಿಸಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಚರ್ಮದ ಮೇಲ್ಪದರ ಸತ್ತ ಜೀವಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿ ನಡುವೆ ಕೊಬ್ಬಿನ ಗಾರೆಯನ್ನು ತುಂಬಿದ ಗೋಡೆ. ಅಣುತೂಕ ೫೦೦ನ್ನು ಮೀರಿದ ದ್ರವ್ಯ ಅದನ್ನು ದಾಟುವುದು ಅಪರೂಪ. ಕಿತ್ತಳೆಯ ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ ಸಕ್ಕರೆಯೊಡನೆ ಬೆಸೆದುಕೊಂಡು ೬೧೦ ತೂಗುತ್ತದೆ. ಆಸ್ಕಾರ್ಬಿಕ್ ಆಮ್ಲ ತೂಗುವುದು ೧೭೬ ಮಾತ್ರ. ಆದರೆ ಅದು ನೀರಿನಲ್ಲಿ ಕರಗುವ ವಸ್ತು, ವಿದ್ಯುದಂಶವನ್ನು ಹೊತ್ತಿರುವಾಗ ಕೊಬ್ಬಿನ ಗಾರೆ ಅದನ್ನು ಒಳಗೆ ಬಿಡದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಷೆಲ್ಡನ್ ಪಿನೆಲ್ ಮತ್ತು ಸಂಗಡಿಗರು ೨೦೦೧ರಲ್ಲಿ ಹಂದಿಯ ಚರ್ಮದ ಮೇಲೆ ಪರೀಕ್ಷಿಸಿ, ಲೇಪದ ಪಿಎಚ್ ಅಂಕ ೩.೫ಕ್ಕಿಂತ ಕೆಳಗಿದ್ದರೆ ಅದು ಒಳಹೊಗುವುದೆಂದೂ, ಶೇಕಡಾ ೨೦ನ್ನು ಮೀರಿ ಸೇರಿಸಿದರೆ ಲಾಭ ಹೆಚ್ಚದೆಂದೂ ತೋರಿಸಿದರು. ಆದ್ದರಿಂದ ಮುಖಕ್ಕೆ ನಿಂಬೆಯ ಹೋಳನ್ನು ಉಜ್ಜುವುದು ಇದಕ್ಕೆ ಸಮನಲ್ಲ. ನಿಂಬೆಜಾತಿಯ ಹಣ್ಣಿನ ರಸ ಸೋಕಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತಾಗಿ ಕಪ್ಪಾಗುವುದೂ ಉಂಟು. ಸ್ಕರ್ವಿಯನ್ನು ಗೆಲ್ಲುವ ದಾರಿಯಂತೂ ಆಹಾರದ್ದೇ; ಉಂಡುದು ರಕ್ತದ ಮೂಲಕ ಚರ್ಮವನ್ನು ಒಳಗಿನಿಂದ ಸೇರುತ್ತದೆ.

ಮಂದಮತಿಯೆಂದು ಕಡೆಗಣಿಸಲ್ಪಟ್ಟ ಬಾಲಕ ಲೋಕಕ್ಕೆ ಆರೋಗ್ಯವನ್ನು ಹಂಚಿದ ಕಥೆ ಇದು. ಸೆಗೆಡ್‌ನ ವೈದ್ಯವಿದ್ಯಾಲಯ ಇಂದು ಅವರ ಹೆಸರನ್ನು ಧರಿಸಿದೆ. ಊಹೆ ತಪ್ಪಾದಾಗ ಅದನ್ನು ಬಿಡುವ ಧೈರ್ಯ, ದೊರೆತುದನ್ನು ಹಂಚುವ ಔದಾರ್ಯ ಇವೆರಡೂ ಅವರ ಬಾಳಿನಲ್ಲಿ ಕೂಡಿಬಂದವು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಮಗುವೊಂದು ಕಂದುಗಟ್ಟಿದ ಹೋಳನ್ನು ಹಿಡಿದು ಏಕೆಂದು ಕೇಳಿದರೆ, ಆ ಪ್ರಶ್ನೆಯನ್ನು ತಾಳ್ಮೆಯಿಂದ ಆಲಿಸುವುದೇ ವಿದ್ಯಾಲಯಗಳು ಇಂಥವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.