ಎರ್ನ್ಸ್ಟ್ ಮಾಖ್ ಮತ್ತು ಓರೆಯಾದ ಚೌಕ

ಸಮಚೌಕವಾದ ಕಾಗದವೊಂದನ್ನು ಬದಿ ಕೆಳಗಾಗಿ ಹಿಡಿದರೆ ನಮ್ಮ ತರಗತಿಯ ಮಕ್ಕಳು ಅದನ್ನು ಚೌಕವೆನ್ನುತ್ತಾರೆ. ಅದನ್ನೇ 45 ಡಿಗ್ರಿ ತಿರುಗಿಸಿ ಮೂಲೆಯ ಮೇಲೆ ನಿಲ್ಲಿಸಿದೊಡನೆ ಗಾಳಿಪಟವೆನ್ನುತ್ತಾರೆ. ಆದರೆ ಆಯತವನ್ನು ಅಷ್ಟೇ ತಿರುಗಿಸಿದರೂ ಅದು ವಾಲಿದ ಆಯತವಾಗಿಯೇ ತೋರುತ್ತದೆ. ವಸ್ತುವು ನೆಟ್ಟಗಿದೆಯೋ ವಾಲಿದೆಯೋ ಎಂಬ ನಮ್ಮ ತೀರ್ಮಾನದಲ್ಲಿ ಅದರ ಆಕೃತಿಗೂ ಪಾಲುಂಟು. ಚೌಕದ ಈ ವಿಚಿತ್ರವನ್ನು ಶಾಸ್ತ್ರದ ಪ್ರಶ್ನೆಯನ್ನಾಗಿ ಮಾಡಿದವರಲ್ಲಿ ಎರ್ನ್ಸ್ಟ್ ಮಾಖ್ ಪ್ರಮುಖನು.

ಆತನು 1838ರ ಫೆಬ್ರವರಿ 18ರಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾದಲ್ಲಿ, ಬ್ರನೋ ನಗರದ ಸಮೀಪ ಜನಿಸಿದನು. ಸುಮಾರು ಮೂರರ ವಯಸ್ಸಿನಲ್ಲಿ ಚಿತ್ರಗಳನ್ನು ಕಂಡು ಆತನು ಕಳವಳಗೊಳ್ಳುತ್ತಿದ್ದನು. ಮೇಜಿನ ಒಂದು ಅಂಚನ್ನು ಅಗಲವಾಗಿಯೂ ಮತ್ತೊಂದನ್ನು ಕಿರಿದಾಗಿಯೂ ಏಕೆ ಬರೆದಿದ್ದಾರೆಂಬುದು ಆ ಮಗುವಿಗೆ ತಿಳಿಯದಾಗಿತ್ತು. ತಂದೆಯೇ ಮನೆಯಲ್ಲಿ ಪಾಠ ಹೇಳಿದನು. ಬಾಲಕನು ಕೆಲಕಾಲ ಬಡಗಿಯ ಬಳಿ ಮರಗೆಲಸವನ್ನೂ ಕಲಿತನು.

1860ರಲ್ಲಿ ವಿಯೆನ್ನಾದಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಮಾಖ್, 1864ರಲ್ಲಿ ಗ್ರಾಜ್‌ನಲ್ಲಿ ಗಣಿತದ ಪ್ರಾಧ್ಯಾಪಕನಾದನು. 1867ರಿಂದ 1895ರವರೆಗೆ ಪ್ರಾಗ್ ನಗರದಲ್ಲಿ ಭೌತಶಾಸ್ತ್ರವನ್ನು ಬೋಧಿಸಿದನು. ಶಬ್ದವೇಗವನ್ನು ಮೀರುವ ವಿಮಾನಗಳ ವೇಗವನ್ನು ಮಾಖ್ ಸಂಖ್ಯೆಯಿಂದ ಹೇಳುವುದು ಆತನ ಹೆಸರಿನಿಂದಲೇ.

ಇಂದ್ರಿಯಸಂವೇದನೆಗಳನ್ನು ಕುರಿತು 1886ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನು ಎರಡು ಚೌಕಗಳ ವಿಷಯವನ್ನು ವಿಚಾರಿಸಿದ್ದಾನೆ. ರೇಖಾಗಣಿತಕ್ಕೆ ಅವೆರಡೂ ಒಂದೇ. ಕಣ್ಣಿಗೆ ಮಾತ್ರ ಬೇರೆ ಬೇರೆ. ಮೇಲು ಕೆಳಗು, ಎಡ ಬಲಗಳು ನೋಟಕ್ಕೆ ಸಮಾನವಲ್ಲ. ಲಂಬರೇಖೆಯ ಇಕ್ಕೆಲಗಳಲ್ಲಿರುವ ಸಾಮ್ಯವನ್ನು ಕಣ್ಣು ಥಟ್ಟನೆ ಗುರುತಿಸುತ್ತದೆ. ಅಡ್ಡರೇಖೆಯ ಮೇಲೆ ಕೆಳಗೆ ಇರುವುದನ್ನು ಅಷ್ಟು ಸುಲಭವಾಗಿ ಗುರುತಿಸದು. ನಮ್ಮ ಎರಡು ಕಣ್ಣುಗಳೂ ಅವುಗಳ ಸ್ನಾಯುಗಳೂ ಎಡಬಲಗಳಲ್ಲಿ ಸಮವಾಗಿರುವುದೇ ಇದಕ್ಕೆ ಕಾರಣವೆಂದು ಆತನು ಬಗೆದನು. ಮಕ್ಕಳು ಬಿ, ಡಿ ಎಂಬ ಚಿಕ್ಕ ಇಂಗ್ಲಿಷ್ ಅಕ್ಷರಗಳನ್ನು ಒಂದಕ್ಕೊಂದು ಬದಲಿಸುವುದೂ ಇಂತಹ ಎಡಬಲ ಸಾಮ್ಯದಿಂದಲೇ.

1898ರಲ್ಲಿ ಪಾರ್ಶ್ವವಾಯು ತಗುಲಿ ಆತನ ಬಲಭಾಗವು ಸ್ವಾಧೀನ ತಪ್ಪಿತು. ಆದರೂ ಆತನು ಕೃತಿರಚನೆಯನ್ನು ಬಿಡಲಿಲ್ಲ. 1905ರಲ್ಲಿ ಜ್ಞಾನ ಮತ್ತು ಭ್ರಮೆಗಳನ್ನು ಕುರಿತ ಗ್ರಂಥವು ಹೊರಬಂದಿತು. 1916ರ ಫೆಬ್ರವರಿ 19ರಂದು ಮ್ಯೂನಿಕ್ ಬಳಿ ಆತನು ದೇಹವನ್ನು ತ್ಯಜಿಸಿದನು.

ಗಡಿನಾಡಿನ ನಮ್ಮ ಮಕ್ಕಳು ಎರಡು ಮೂರು ಲಿಪಿಗಳನ್ನು ಒಟ್ಟಿಗೆ ಕಲಿಯಬೇಕಾಗಿದೆ. ಅಕ್ಷರವನ್ನು ತಿರುವಿ ಬರೆದ ಕೂಸನ್ನು ದಡ್ಡನೆಂದು ಗದರಿಸಿದ ದಿನಗಳು ನಮಗೂ ಉಂಟು. ಮೇಜಿನ ಚಿತ್ರಕ್ಕೆ ಬೆದರಿದ ಆ ಮೂರು ವರ್ಷದ ಬಾಲಕನನ್ನು ನೆನೆದಾಗ, ಎತ್ತಿದ ಬೆತ್ತವು ನಮ್ಮ ಕೈಯಿಂದ ತಾನಾಗಿಯೇ ಕೆಳಗಿಳಿಯುತ್ತದೆ.