ತಾಯಿ ಕೊಟ್ಟ ವಿಶ್ವಾಸ, ಮಗ ಕಟ್ಟಿದ ನುಡಿ

ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ ಎಂದು ಹೆಸರು. ಕ್ರಿ.ಶ. 941ರಲ್ಲಿ ಕಾವ್ಯ ರಚಿಸಿದ ಆದಿಕವಿ ಪಂಪನು ತನ್ನ ಕೃತಿ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಮುಂದೆ ಆ ಪುಲಿಗೆರೆಯೇ ಜನರ ಬಾಯಲ್ಲಿ ಹುಲಿಗೆರೆಯಾಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಯಾರ ಅಪ್ಪಣೆಯೂ ಇಲ್ಲದೆ, ಆದರೆ ಒಂದು ನಿಯಮಕ್ಕೆ ಒಳಪಟ್ಟು, ಶತಮಾನಗಳ ಕಾಲ ಅಸಂಖ್ಯ ಜನರ ನಾಲಗೆಯ ಮೇಲೆ ನಡೆದ ಕಾರ್ಯವಿದು.

ಇಂಥ ಕಾರ್ಯವನ್ನು ಒಬ್ಬರೇ ವ್ಯಕ್ತಿ, ತಮ್ಮ ಓದುಕೋಣೆಯಲ್ಲಿ ಕುಳಿತು, ಎಂದೂ ಬಾಳಿರದ ಜನಾಂಗಗಳಿಗಾಗಿ ಮಾಡಿದರೆಂದರೆ ನಂಬುವುದು ಕಷ್ಟ. ಇಂಗ್ಲೆಂಡಿನ ಜಾನ್ ರೊನಾಲ್ಡ್ ರೂಯೆಲ್ ಟೋಲ್ಕೀನ್ ಅಂಥವರು. ‘ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ ಕಥನದ ಕರ್ತೃವೆಂದು, 2001ರಿಂದ 2003ರವರೆಗೆ ತೆರೆಕಂಡ ಮೂರು ಚಲನಚಿತ್ರಗಳ ಮೂಲ ಕಥೆಗಾರರೆಂದು ನಮ್ಮ ಮನೆಗಳ ಯುವಕ ಯುವತಿಯರಿಗೂ ಅವರ ಹೆಸರು ಪರಿಚಿತ. ಆದರೆ ಅವರು ಕಥೋಲಿಕ ವಿಶ್ವಾಸಿಯಾಗಿದ್ದರೆಂಬುದೂ ಆ ವಿಶ್ವಾಸಕ್ಕಾಗಿ ಅವರ ತಾಯಿ ತೆತ್ತ ಬೆಲೆ ಎಂಥದೆಂಬುದೂ ಬಹು ಮಂದಿಗೆ ತಿಳಿಯದು.

ತಾಯಿಯ ತ್ಯಾಗ

ಟೋಲ್ಕೀನ್ ಜನಿಸಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ಪಟ್ಟಣದಲ್ಲಿ. ತಂದೆ ಆರ್ಥರ್ ಅಲ್ಲಿ ಬ್ಯಾಂಕಿನ ಅಧಿಕಾರಿ. ಮಗುವಿಗೆ ಅಲ್ಲಿಯ ಬಿಸಿಲು ಒಗ್ಗದಿದ್ದುದರಿಂದ ತಾಯಿ ಮೇಬಲ್ 1895ರಲ್ಲಿ ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿಗೆ ಬಂದರು. ಮರುವರ್ಷ ಫೆಬ್ರವರಿಯಲ್ಲಿ, ಕುಟುಂಬವನ್ನು ಕೂಡಿಕೊಳ್ಳುವ ಮೊದಲೇ, ಆರ್ಥರ್ ಕಾಯಿಲೆಯಿಂದ ತೀರಿಕೊಂಡರು.

1900ರಲ್ಲಿ ಮೇಬಲ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅವರ ತಂದೆ ಕೆರಳಿದರು. ಗಂಡನ ಮನೆಯವರು ದೂರವಾದರು. ಜೊತೆಯಲ್ಲೇ ದೀಕ್ಷೆ ಪಡೆದ ಸೋದರಿಯನ್ನು ಆಕೆಯ ಪತಿ ಕಥೋಲಿಕ ದೇವಾಲಯದ ಹೊಸ್ತಿಲು ತುಳಿಯದಂತೆ ತಡೆದನು. ವಿಧವೆ ಮೇಬಲ್‌ಗೆ ತಾನು ಕೊಡುತ್ತಿದ್ದ ಹಣವನ್ನೂ ನಿಲ್ಲಿಸಿಬಿಟ್ಟನು. ಮೇಬಲ್ ಕದಲಲಿಲ್ಲ. ಬಡತನದಲ್ಲೇ ಮನೆಯಿಂದ ಮನೆಗೆ ಅಲೆಯುತ್ತ, ಮಕ್ಕಳಿಗೆ ಲತೀನ್, ಫ್ರೆಂಚ್, ಜರ್ಮನ್ ಭಾಷೆಗಳ ಮೊದಲ ಪಾಠಗಳನ್ನು ತಾವೇ ಹೇಳಿಕೊಟ್ಟರು. ಮಧುಮೇಹಕ್ಕೆ ಇನ್ಸುಲಿನ್ ಇನ್ನೂ ದೊರೆಯದಿದ್ದ ಕಾಲವದು. 1904ರ ನವೆಂಬರ್ 14ರಂದು, ಮೂವತ್ತನಾಲ್ಕರ ಪ್ರಾಯದಲ್ಲಿ, ಅವರು ಕಣ್ಣು ಮುಚ್ಚಿದರು. ಹಿರಿಯ ಮಗನಿಗೆ ಆಗ ಹನ್ನೆರಡು ವರ್ಷ. ತಾಯಿಯನ್ನು ವಿಶ್ವಾಸಕ್ಕಾಗಿ ಪ್ರಾಣತೆತ್ತವರೆಂದೇ ಅವನು ಕೊನೆಯವರೆಗೂ ಗೌರವಿಸಿದನು.

ಸಾಯುವ ಮುನ್ನ ಮೇಬಲ್ ಮಕ್ಕಳನ್ನು ಬರ್ಮಿಂಗ್‌ಹ್ಯಾಮ್ ಓರೆಟರಿಯ ಫಾದರ್ ಫ್ರಾನ್ಸಿಸ್ ಮಾರ್ಗನ್ ಅವರ ಕೈಗೆ ಒಪ್ಪಿಸಿದ್ದರು. 2019ರಲ್ಲಿ ಸಂತರೆಂದು ಘೋಷಿತರಾದ ಕಾರ್ಡಿನಲ್ ನ್ಯೂಮನ್ ಅವರು ಸ್ಥಾಪಿಸಿದ ಗುರುಮನೆಯದು. ಸ್ಪೇನ್ ದೇಶದೊಡನೆ ನಂಟಿದ್ದ ಮನೆತನಕ್ಕೆ ಸೇರಿದ ಆ ಗುರುಗಳು ಮಕ್ಕಳ ಅಲ್ಪ ಆದಾಯಕ್ಕೆ ತಮ್ಮ ಸ್ವಂತ ಹಣವನ್ನೂ ಸೇರಿಸಿ ಅವರನ್ನು ಸಾಕಿದರು. ಬಾಲಕರು ಪ್ರತಿದಿನ ಬೆಳಿಗ್ಗೆ ಬಲಿಪೂಜೆಯಲ್ಲಿ ಪೀಠಸೇವೆ ಮಾಡಿ, ಗುರುಗಳೊಂದಿಗೆ ಉಪಾಹಾರ ಮುಗಿಸಿ, ಶಾಲೆಗೆ ತೆರಳುತ್ತಿದ್ದರು.

ಗುಪ್ತ ನುಡಿಯ ಆಟ

ಅಕ್ಷರಕ್ಕೊಂದು ‘ಕ’ ಸೇರಿಸಿ ಹಿರಿಯರಿಗೆ ಅರ್ಥವಾಗದಂತೆ ಮಾತನಾಡುವ ‘ಕ’ ಭಾಷೆಯ ಆಟವನ್ನು ನಮ್ಮಲ್ಲಿ ಯಾರು ಆಡಿಲ್ಲ? ಬಾಲಕ ಟೋಲ್ಕೀನನೂ ಇಂಥದೇ ಆಟದಿಂದ ಆರಂಭಿಸಿದನು. ಅವನ ಇಬ್ಬರು ಸೋದರಸಂಬಂಧಿ ಹುಡುಗಿಯರು, ಹಣ ನಿಲ್ಲಿಸಿದ ಆ ಬಂಧುವಿನ ಪುತ್ರಿಯರೇ, ಪ್ರಾಣಿಗಳ ಹೆಸರುಗಳಿಂದ ಒಂದು ಗುಟ್ಟಿನ ನುಡಿ ಮಾಡಿಕೊಂಡಿದ್ದರು. ಅವನು ಅದನ್ನು ಕಲಿತನು. ಬಳಿಕ ಅವರಲ್ಲೊಬ್ಬಳೊಡನೆ ಸೇರಿ ‘ನೆವ್‌ಬಾಷ್’ ಎಂಬ ಇನ್ನೊಂದನ್ನು ರಚಿಸಿದನು. ತಾನೊಬ್ಬನೇ ಕಟ್ಟಿದ ‘ನಾಫರಿನ್’ ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯ ಲೇಪವಿತ್ತು. ಅದಕ್ಕೆ ನೆರವಾದವು ಗುರುಗಳ ಪುಸ್ತಕಗಳು.

ಗದಗ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳ ಮೇಲಿನ ಬರಹವನ್ನು ಮಕ್ಕಳು ಕೂಡಿಸಿ ಓದುವಂತೆ, ಅವನು ಮನೆಯ ಹಿಂದೆ ಹಾದುಹೋಗುವ ಕಲ್ಲಿದ್ದಲ ಗಾಡಿಗಳ ಮೇಲಿನ ವೆಲ್ಷ್ ಊರುಗಳ ಹೆಸರುಗಳನ್ನು ಓದುತ್ತಿದ್ದನು. ಅರ್ಥ ತಿಳಿಯದಿದ್ದರೂ ಆ ಶಬ್ದಗಳ ಇಂಪು ಮನಸ್ಸಿನಲ್ಲಿ ನೆಟ್ಟಿತು. ಮುಂದೆ ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನ ಗ್ರಂಥಾಲಯದಲ್ಲಿ ಫಿನ್ನಿಷ್ ಭಾಷೆಯ ವ್ಯಾಕರಣವೊಂದು ಕೈಗೆ ಬಿದ್ದಾಗ ಎರಡನೆಯ ಬಾಗಿಲು ತೆರೆಯಿತು. ಫಿನ್ನಿಷ್‌ನ ಇಂಪಿನಿಂದ ‘ಕ್ವೆನ್ಯ’ ಹುಟ್ಟಿತು. ವೆಲ್ಷ್‌ನ ಧಾಟಿಯಿಂದ ರೂಪುಗೊಂಡ ಭಾಷೆಗೆ ಕೊನೆಗೆ ‘ಸಿಂದರಿನ್’ ಎಂಬ ಹೆಸರು ನಿಂತಿತು.

ಇದೇ ವೇಳೆಗೆ ಅವರ ಬಾಳಿನಲ್ಲಿ ಒಂದು ಕಠಿಣ ಪರೀಕ್ಷೆಯೂ ಒದಗಿತ್ತು. ಬಾಡಿಗೆ ಮನೆಯಲ್ಲಿ ವಾಸವಿದ್ದ ಎಡಿತ್ ಬ್ರಾಟ್ ಎಂಬ ಅನಾಥ ಕನ್ಯೆಯನ್ನು ಅವರು ಮೆಚ್ಚಿದ್ದರು. ಆಕೆ ಮೂರು ವರ್ಷ ಹಿರಿಯಳು, ಆಂಗ್ಲಿಕನ್ ಪಂಥದವಳು. ಇವರ ವಿದ್ಯಾಭ್ಯಾಸವೂ ಹಿಂದೆ ಬಿದ್ದಿತ್ತು. ಇಪ್ಪತ್ತೊಂದು ತುಂಬುವವರೆಗೆ ಭೇಟಿ, ಪತ್ರ ಯಾವುದೂ ಕೂಡದೆಂದು ಫಾದರ್ ಮಾರ್ಗನ್ ವಿಧಿಸಿದರು. ನೊಂದರೂ ಟೋಲ್ಕೀನ್ ಆ ಮಾತಿಗೆ ತಲೆಬಾಗಿದರು. 1913ರ ಜನವರಿ 3ರಂದು, ಇಪ್ಪತ್ತೊಂದು ತುಂಬಿದ ಆ ದಿನವೇ, ಎಡಿತ್‌ಗೆ ಪತ್ರ ಬರೆದರು. ಆಕೆಗೆ ಅಷ್ಟರಲ್ಲಿ ಬೇರೊಬ್ಬನೊಡನೆ ನಿಶ್ಚಿತಾರ್ಥವಾಗಿತ್ತು. ಆಕೆ ಉಂಗುರವನ್ನು ಹಿಂದಿರುಗಿಸಿ ಇವರನ್ನು ವರಿಸಿದರು. 1914ರಲ್ಲಿ ಎಡಿತ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1916ರ ಮಾರ್ಚ್ 22ರಂದು ವಾರ್ವಿಕ್ ಪಟ್ಟಣದಲ್ಲಿ ವಿವಾಹ ನೆರವೇರಿತು.

ಯುದ್ಧದ ನಡುವೆ

ಮದುವೆಯಾದ ಕೆಲವೇ ತಿಂಗಳಲ್ಲಿ ಅವರು ಫ್ರಾನ್ಸಿನ ಸೋಮ್ ರಣಾಂಗಣದಲ್ಲಿದ್ದರು. ಶಾಲೆಯ ಆಪ್ತಮಿತ್ರರಲ್ಲಿ ಒಬ್ಬನು ಜುಲೈ 1ರಂದೇ ಮಡಿದನು; ಮತ್ತೊಬ್ಬನು ಡಿಸೆಂಬರಿನಲ್ಲಿ ತೀರಿಕೊಂಡನು. ಹೇನುಗಳಿಂದ ಹರಡುವ ಕಂದಕ ಜ್ವರಕ್ಕೆ ತುತ್ತಾದ ಟೋಲ್ಕೀನ್ ನವೆಂಬರಿನಲ್ಲಿ ತಾಯ್ನಾಡಿಗೆ ಮರಳಿದರು. ಆಸ್ಪತ್ರೆಯ ಹಾಸಿಗೆಯ ಕಾಲದಲ್ಲಿಯೇ ಅವರ ಪುರಾಣಕಥೆಗಳು ಮೈದಳೆಯತೊಡಗಿದವು. ಕ್ವೆನ್ಯ ಭಾಷೆಯ ಶಬ್ದಕೋಶಕ್ಕೆ 1915ರಲ್ಲಿಯೇ ಕೈಹಾಕಿದ್ದರು. ಈಗ ಆ ನುಡಿಯನ್ನಾಡುವ ಜನರೂ ಅವರ ಸುಖದುಃಖಗಳೂ ಅವರಿಗೆ ಬೇಕಾಗಿದ್ದವು.

ನುಡಿಗೊಂದು ನಾಡು

ಭಾಷೆಯನ್ನು ಬುದ್ಧಿಪೂರ್ವಕವಾಗಿ ರೂಪಿಸುವ ಯತ್ನ ಹೊಸದೇನಲ್ಲ. ನಮ್ಮಲ್ಲಿ ಹದಿಮೂರನೆಯ ಶತಮಾನದ ಕವಿ ಆಂಡಯ್ಯನು ಸಂಸ್ಕೃತದ ತತ್ಸಮ ಶಬ್ದಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದನು. ಜರ್ಮನಿಯ ಸಂತ ಹಿಲ್ಡೆಗಾರ್ಡ್ ಹನ್ನೆರಡನೆಯ ಶತಮಾನದಲ್ಲಿ ಸುಮಾರು ಸಾವಿರ ಶಬ್ದಗಳ ಒಂದು ಅಪೂರ್ವ ಭಾಷೆಯನ್ನೂ ಅದಕ್ಕೊಂದು ಲಿಪಿಯನ್ನೂ ಸೃಷ್ಟಿಸಿದ್ದರು. ಜರ್ಮನಿಯವರೇ ಆದ ಕಥೋಲಿಕ ಗುರು ಷ್ಲೇಯರ್ ಲೋಕದ ಜನರೆಲ್ಲ ಒಂದಾಗಲೆಂದು 1879ರಲ್ಲಿ ‘ವೊಲಪ್ಯೂಕ್’ ಭಾಷೆಯನ್ನು ರೂಪಿಸಿದರು. 1887ರಲ್ಲಿ ಜಾಮೆನ್‌ಹಾಫ್ ಅವರ ‘ಎಸ್ಪೆರಾಂತೊ’ ಪ್ರಕಟವಾಯಿತು.

ಇಂಥ ಭಾಷೆಗಳು ಬೇರೂರದಿರುವುದಕ್ಕೆ ಟೋಲ್ಕೀನ್ ಕಂಡ ಕಾರಣ ಒಂದೇ: ಅವುಗಳಿಗೆ ಐತಿಹ್ಯಗಳಿಲ್ಲ. ಹೇಳಲು ಕಥೆಯಿಲ್ಲದ, ನೆನೆಯಲು ಹಿರಿಯರಿಲ್ಲದ ನುಡಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜೀವ ತಳೆಯದೆಂಬುದು ಅವರ ನಿಲುವು. ಆದ್ದರಿಂದಲೇ ಅವರು ಮೊದಲು ಒಂದು ಮೂಲಭಾಷೆಯನ್ನು ಕಲ್ಪಿಸಿದರು. ಅದನ್ನಾಡಿದ ಎಲ್ಫ್ ಎಂಬ ಜನಾಂಗ ಎರಡಾಗಿ ಒಡೆಯಿತು. ಒಂದು ಪಂಗಡ ಕಡಲಾಚೆಯ ಪುಣ್ಯಭೂಮಿಗೆ ಹೋಯಿತು, ಇನ್ನೊಂದು ಈಚೆಯ ನೆಲದಲ್ಲೇ ಉಳಿಯಿತು. ಅಗಲಿಕೆಯ ಕಾಲ ಬೆಳೆದಂತೆ ನುಡಿಯೂ ಕವಲೊಡೆಯಿತು. ಮಾತನಾಡು ಎಂಬರ್ಥದ ಒಂದೇ ಧಾತು ಕ್ವೆನ್ಯದಲ್ಲಿ ‘ಕ್ವೆತ್’ ಎಂದೂ ಸಿಂದರಿನ್‌ನಲ್ಲಿ ‘ಪೆದ್’ ಎಂದೂ ಆಯಿತು. ಪುಲಿಗೆರೆ ಹುಲಿಗೆರೆಯಾದಂತೆಯೇ ಇಲ್ಲಿಯೂ ಒಂದು ನಿಯಮ. ಅದರ ಹಿಂದೆ ಒಂದು ಜನಾಂಗದ ವಿಯೋಗದ ಕಥೆ.

ಅವರು ರಚಿಸಿದ ‘ತೆಂಗ್ವಾರ್’ ಲಿಪಿಯೂ ನಮಗೆ ಅಪರಿಚಿತವೆನಿಸದು. ಉಚ್ಚಾರದ ಸ್ಥಾನಕ್ಕೆ ಅನುಗುಣವಾಗಿ, ನಮ್ಮ ವರ್ಗೀಯ ವ್ಯಂಜನಗಳಂತೆ, ಅದರ ಅಕ್ಷರಗಳು ಸಾಲುಗೊಂಡಿವೆ. ಸ್ವರಗಳನ್ನು ಕಾಗುಣಿತದಂತೆ ವ್ಯಂಜನಕ್ಕೆ ಚಿಹ್ನೆಗಳನ್ನು ಸೇರಿಸಿ ಸೂಚಿಸುವುದೂ ಉಂಟು.

ಹೊರಜಗತ್ತಿಗೆ ಅವರು ಪ್ರಾಧ್ಯಾಪಕರು. ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೆಲಕಾಲ ದುಡಿದು, 1920ರಲ್ಲಿ ಲೀಡ್ಸ್‌ಗೆ ಹೋಗಿ, 1925ರಿಂದ 1959ರವರೆಗೆ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನೂ ಸಾಹಿತ್ಯವನ್ನೂ ಬೋಧಿಸಿದರು. ತಮ್ಮ ಭಾಷಾನಿರ್ಮಾಣದ ಹವ್ಯಾಸವನ್ನು 1931ರ ಒಂದು ಉಪನ್ಯಾಸದಲ್ಲಿ ಸಂಕೋಚದಿಂದಲೇ ಬಹಿರಂಗಪಡಿಸಿ, ಅದನ್ನು ಗುಟ್ಟಿನ ದುಶ್ಚಟವೆಂದು ಕರೆದುಕೊಂಡರು. ತಮ್ಮ ಮಕ್ಕಳಿಗೆ ಹೇಳಿದ ಕಥೆ ‘ಹಾಬಿಟ್’ ಎಂಬ ಹೆಸರಿನಲ್ಲಿ 1937ರಲ್ಲಿ ಅಚ್ಚಾಯಿತು. ಅದರ ಮುಂದುವರಿಕೆಯನ್ನು ಪ್ರಕಾಶಕರು ಕೇಳಿದರು. ಹದಿನೇಳು ವರ್ಷಗಳ ತರುವಾಯ, 1954–55ರಲ್ಲಿ, ಮೂರು ಸಂಪುಟಗಳ ‘ಲಾರ್ಡ್ ಆಫ್ ದಿ ರಿಂಗ್ಸ್’ ಹೊರಬಂದಿತು.

ಒಳಗಿನ ದೀಪ

ಈ ಕಥನದಲ್ಲಿ ದೇವಾಲಯವಿಲ್ಲ, ಗುರುಗಳಿಲ್ಲ, ಪ್ರಾರ್ಥನಾವಿಧಿಯೂ ವಿರಳ. ಕ್ರಿಸ್ತಜನನಕ್ಕಿಂತ ಎಷ್ಟೋ ಹಿಂದಿನ ಕಾಲವೆಂದು ಅವರು ಅದನ್ನು ಕಲ್ಪಿಸಿದ್ದರು. ಆದರೂ ತಮ್ಮ ಕೃತಿ ಮೂಲತಃ ಕಥೋಲಿಕವಾದದ್ದೆಂದು 1953ರಲ್ಲಿ ಜೆಸ್ವಿತ್ ಮಿತ್ರರೊಬ್ಬರಿಗೆ ತಿಳಿಸಿದ್ದರು. ಅವರ ಲೋಕಕ್ಕೆ ಏಕೈಕ ಸೃಷ್ಟಿಕರ್ತನಿದ್ದಾನೆ. ಕ್ವೆನ್ಯದಲ್ಲಿ ಅವನ ಹೆಸರು ಎರು, ಅಂದರೆ ಏಕೈಕನು. ದಣಿದ ಪಯಣಿಗರನ್ನು ಪೋಷಿಸುವ ‘ಲೆಂಬಾಸ್’ ಎಂಬ ರೊಟ್ಟಿ ಪರಮಪ್ರಸಾದವನ್ನು ನೆನಪಿಗೆ ತರುತ್ತದೆ. ಕೇಡಿನ ಉಂಗುರ ನಾಶವಾಗುವ ದಿನ ಮಾರ್ಚ್ 25. ಅದು ನಮಗೆ ಮಂಗಳವಾರ್ತೆಯ ಹಬ್ಬ. ಉಂಗುರವನ್ನು ಹೊತ್ತವರು ಪಯಣ ಆರಂಭಿಸುವುದು ಡಿಸೆಂಬರ್ 25ರಂದು.

1950ರ ದಶಕದಲ್ಲಿ ಅವರು ಕರ್ತರ ಪ್ರಾರ್ಥನೆಯನ್ನೂ ‘ನಮೋ ಮರಿಯಾ’ ಜಪವನ್ನೂ ಕ್ವೆನ್ಯ ಭಾಷೆಗೆ ತಂದರು. ಆ ಹಸ್ತಪ್ರತಿಗಳು ಅಚ್ಚಾದದ್ದು 2002ರಲ್ಲಿ. ತಾಯಿಯ ತೊಡೆಯ ಮೇಲೆ ಆರಂಭವಾದ ಭಾಷಾಪ್ರೀತಿ, ಅದೇ ತಾಯಿ ಕೊಟ್ಟ ವಿಶ್ವಾಸದ ಪಾದದಡಿ ಹೀಗೆ ಕಾಣಿಕೆಯಾಯಿತು. 1966ರಲ್ಲಿ ಹೊರಬಂದ ಜೆರೂಸಲೇಮ್ ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿ ಯೋನನ ಗ್ರಂಥಕ್ಕೆ ಅವರ ದುಡಿಮೆಯಿದೆ.

ಅವರನ್ನು ಕುಂದಿಲ್ಲದವರೆಂದು ಚಿತ್ರಿಸುವುದು ಸಲ್ಲದು. ಲೀಡ್ಸ್ ಹಾಗೂ ಆಕ್ಸ್‌ಫರ್ಡಿನ ಮೊದಲ ವರ್ಷಗಳಲ್ಲಿ ಧರ್ಮಾಚರಣೆಯನ್ನು ತಾವು ಬಹುಮಟ್ಟಿಗೆ ಕೈಬಿಟ್ಟಿದ್ದುದನ್ನು ಅವರು ಮುಂದೆ ಮಗನಿಗೆ ಬರೆದ ಪತ್ರದಲ್ಲಿ ಪಶ್ಚಾತ್ತಾಪದಿಂದ ಒಪ್ಪಿಕೊಂಡಿದ್ದಾರೆ. ಅವರನ್ನು ಮರಳಿ ಕರೆದದ್ದು ಪರಮಪ್ರಸಾದದ ಹಸಿವು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆ ಜನರ ಭಾಷೆಗೆ ಬಂದುದು ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಸಂತಸ ತಂದಿತು. ತಾಯಿಯಿಂದ ಲತೀನ್ ಕಲಿತ ಟೋಲ್ಕೀನರಿಗೆ ನೋವಾಯಿತು. ಇಂಗ್ಲಿಷ್ ಪೂಜೆಯಲ್ಲಿ ಅವರು ಗಟ್ಟಿದನಿಯಿಂದ ಲತೀನಿನಲ್ಲೇ ಉತ್ತರಿಸುತ್ತಿದ್ದುದನ್ನು ಮೊಮ್ಮಗ ನೆನೆಸಿಕೊಂಡಿದ್ದಾನೆ. ಆದರೆ ನೋವಿನ ನೆಪದಲ್ಲಿ ಅವರು ಧರ್ಮಸಭೆಯನ್ನು ತೊರೆಯಲಿಲ್ಲ. ಅವರ ಹಿರಿಯ ಮಗ ಜಾನ್ 1946ರಲ್ಲಿ ಗುರುದೀಕ್ಷೆ ಪಡೆದಿದ್ದರು.

ಎಲೆ ಮತ್ತು ಮರ

1945ರಲ್ಲಿ ಕಥೋಲಿಕ ಪತ್ರಿಕೆಯಾದ ‘ಡಬ್ಲಿನ್ ರಿವ್ಯೂ’ದಲ್ಲಿ ಅವರ ಒಂದು ಸಣ್ಣ ಕಥೆ ಪ್ರಕಟವಾಯಿತು. ನಿಗ್ಗಲ್ ಎಂಬ ಸಾಮಾನ್ಯ ಚಿತ್ರಕಾರ ಒಂದು ದೊಡ್ಡ ಮರವನ್ನು ಚಿತ್ರಿಸಲು ಹೊರಡುತ್ತಾನೆ. ಒಂದೊಂದು ಎಲೆಯನ್ನೂ ತಿದ್ದುತ್ತ ಕೂರುತ್ತಾನೆ. ನೆರೆಯವನ ಕಷ್ಟಕ್ಕೆ ಗೊಣಗುತ್ತಲೇ ನೆರವಾಗುತ್ತಾನೆ. ಚಿತ್ರ ಮುಗಿಯುವ ಮೊದಲೇ ತಪ್ಪಿಸಲಾಗದ ಪಯಣದ ಕರೆ ಬರುತ್ತದೆ. ಶುದ್ಧೀಕರಣವನ್ನು ಹೋಲುವ ಕಾಲವೊಂದನ್ನು ಕಳೆದು ಅವನು ಹೊರಬಂದಾಗ ಎದುರಿಗೆ ಆ ಮರವೇ ನಿಂತಿರುತ್ತದೆ: ಪೂರ್ಣವಾಗಿ, ಸಜೀವವಾಗಿ, ಗಾಳಿಗೆ ಎಲೆಯಲುಗಿಸುತ್ತ.

ಈ ಕಥೆಯಲ್ಲಿ ಅವರ ಆತಂಕವೂ ಭರವಸೆಯೂ ಅಡಗಿವೆ. ಯಾರೂ ಆಡದ ಭಾಷೆಗಳಿಗೆ ಆಯುಷ್ಯ ಸವೆಸಿದ್ದು ವ್ಯರ್ಥವೇ ಎಂಬ ಪ್ರಶ್ನೆ ಅವರನ್ನು ಕಾಡದಿರುತ್ತಿತ್ತೆ? ಜೀವಮಾನದ ಕೃತಿಯಾದ ‘ಸಿಲ್ಮರಿಲಿಯನ್’ ಅವರ ಕೈಯಲ್ಲಿ ಮುಗಿಯಲೇ ಇಲ್ಲ. 1971ರ ನವೆಂಬರಿನಲ್ಲಿ ಎಡಿತ್ ಅಗಲಿದರು. 1973ರ ಸೆಪ್ಟೆಂಬರ್ 2ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಟೋಲ್ಕೀನ್ ದೈವಾಧೀನರಾದರು. ಆ ಕೃತಿಯನ್ನು ಮಗ ಕ್ರಿಸ್ಟೊಫರ್ ಸಂಪಾದಿಸಿ 1977ರಲ್ಲಿ ಪ್ರಕಟಿಸಿದರು. ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ಸಮಾಧಿಭೂಮಿಯಲ್ಲಿ ದಂಪತಿಗಳು ಒಂದೇ ಗೋರಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಅವರ ಹೆಸರುಗಳ ಕೆಳಗೆ ಲೂಥಿಯೆನ್, ಬೆರೆನ್ ಎಂಬ ಹೆಸರುಗಳನ್ನು ಕೆತ್ತಲಾಗಿದೆ. ಅವರೇ ಕಟ್ಟಿದ ಪುರಾಣದ ಪ್ರೇಮಿಗಳ ಹೆಸರುಗಳವು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಸ್ವಲ್ಪವೇ. ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವೆಡೆ ತಮಿಳು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟು ನುಡಿಗಳ ನಡುವೆ ವಿಶ್ವಾಸವನ್ನು ಯಾವುದರಲ್ಲಿ ಕಲಿಸುವುದೆಂದು ಚಿಂತಿಸುವ ತಾಯಂದಿರಿಗೆ ಮೇಬಲ್ ಅವರ ಬಾಳು ದಾರಿ ತೋರೀತು. ಕಥೆಯಿಲ್ಲದ ನುಡಿ ಬಾಳದು ಎಂದರಲ್ಲ ಟೋಲ್ಕೀನ್, ಮನೆಯಲ್ಲಿ ಯಾರೂ ಹೇಳದ ವಿಶ್ವಾಸವೂ ಅಷ್ಟೇ. ಅಜ್ಜಿಯು ಜಪಸರ ಹಿಡಿದು ಹೇಳಿದ ಸಂತರ ಕಥೆ, ಅಜ್ಜ ಈ ಊರಿಗೆ ಬಂದು ನೆಲೆಸಿದ ಬಗೆ, ಕಷ್ಟದಲ್ಲಿ ಕೈಬಿಡದ ದೇವರ ನೆನಪು, ಇವು ಮಕ್ಕಳ ಕಿವಿಗೆ ಬೀಳಲಿ. ಮಗುವೊಂದು ಮೂಲೆಯಲ್ಲಿ ಕುಳಿತು ತನ್ನದೇ ಅಕ್ಷರಗಳನ್ನು ಗೀಚುತ್ತಿದ್ದರೆ ಗದರಿಸದಿರೋಣ. ಹುಗಿದಿಟ್ಟ ತಲಾಂತಿಗೆ ಲೆಕ್ಕ ಕೇಳುವ ಒಡೆಯನು, ಬೆಳೆಸುವ ಎಲೆಯೊಂದಕ್ಕೆ ಮರವನ್ನೇ ಕೊಡಬಲ್ಲನು.